ನೋಡಬಹುದು, ಮುಟ್ಟಬಾರದು

ಕಿಟ್ಟಣ್ಣ ಪುಕ್ಕಲ. ಅವನನ್ನು ಬಲ್ಲವರಲ್ಲಿ ಈ ಬಗ್ಗೆ ಎರಡು ಮಾತಿರಲಿಲ್ಲ, ಹೆಂಡತಿ ಪ್ರೇಮಾವತಿಗಂತೂ ಸಂಶಯವೇ ಇರಲಿಲ್ಲ. ಐವತ್ತೇಳರ ಗಂಡಸು, ರಸ್ತೆಯಲ್ಲಿ ಒಂದು ಸೈಕಲ್ಲೂ ಕಾಣದಿರುವಾಗ ಕೂಡ ಕೆಂಪು ದೀಪಕ್ಕೆ ನಿಂತುಬಿಡುತ್ತಿದ್ದ. ಪುರಸಭೆಯ ಲಕೋಟೆ ಬಂದರೆ ಒಡೆಯುವ ಮೊದಲು ಒಂದು ಲೋಟ ನೀರು ಕುಡಿಯುತ್ತಿದ್ದ.

ಆ ಪುಕ್ಕಲುತನವೇ ಅವನಿಗೆ ಅನ್ನ ಹಾಕಿತು. ಡಚ್ ನಾಡಿನ ಆಮರ್ಸ್‌ಫೋರ್ಟಿನ ಒಂದು ಉಪಕರಣ ಕಂಪನಿಯಲ್ಲಿ ವಿದೇಶಿ ನೌಕರರ ಪರವಾನಗಿ ನೋಡಿಕೊಳ್ಳುವುದು ಅವನ ಕೆಲಸ. ಹದಿನೆಂಟು ವರ್ಷಗಳಲ್ಲಿ ಒಬ್ಬರ ಕಾಗದವೂ ಒಂದು ದಿನ ತಡವಾಗಿರಲಿಲ್ಲ. ವೂರ್‌ಬರ್ಗ್‌ನ ಮನೆಯಿಂದ ಬೇಕಾದ್ದಕ್ಕಿಂತ ಒಂದು ರೈಲು ಮೊದಲೇ ಹೊರಡುವುದು, ಶನಿವಾರ ಸಂತೆಯಿಂದ ಬಂಗುಡೆ ಮೀನು ತರುವುದು, ಪ್ರೇಮಾವತಿ ಮಾಡಿದ ಗಸಿ ಉಂಡು ಮಧ್ಯಾಹ್ನ ಮಲಗುವುದು. ಬದುಕಿನ ಮೇಲೆ ಅವನಿಗೆ ದೂರಿರಲಿಲ್ಲ. ಹೆದರುವವರು ಸುಖವಾಗಿರುವುದಿಲ್ಲ ಎನ್ನುವವರು ಕಿಟ್ಟಣ್ಣನನ್ನು ಕಂಡಿಲ್ಲ.

ಈ ವರ್ಷದ ವಸಂತದಲ್ಲಿ ಅವನ ನೆಮ್ಮದಿ ಕೆಡಿಸಿದವಳು ಕಂಪನಿಯ ಎಂಜಿನಿಯರ್ ಸಂಪ್ರೀತಾ. ಮಂಗಳೂರಿನ ಮನೆತನ, ಬೆಳೆದದ್ದು ಟೊರಾಂಟೊ ಹತ್ತಿರ, ಕೈಯಲ್ಲಿ ಕೆನಡಾದ ಪಾಸ್‌ಪೋರ್ಟ್. ಉಪಗ್ರಹದ ಕ್ಯಾಮೆರಾ ಒಂದಕ್ಕೆ ಕನ್ನಡಿ ಕೂರಿಸುವ ಕೆಲಸಕ್ಕೆ ಎರಡು ವರ್ಷ ಕೊಟ್ಟಿದ್ದಳು. ಕೊನೆಯ ಪರೀಕ್ಷೆ ಗಡಿಯಾಚೆ, ಜರ್ಮನಿಯ ಒಂದು ಪ್ರಯೋಗಾಲಯದಲ್ಲಿ. ಅಲ್ಲಿ ಸಿಕ್ಕಿದ್ದು ಒಂದೇ ದಿನ, ಗುರುವಾರ. ಆ ದಿನ ಫಲಿತಾಂಶ ಬರದಿದ್ದರೆ ನೂರ್ಡ್‌ವೈಕ್‌ನ ಬಾಹ್ಯಾಕಾಶ ಕೇಂದ್ರದವರು ಅವಳ ಕನ್ನಡಿಯನ್ನು ಕೈಬಿಟ್ಟು ಬೇರೆಯವರದನ್ನು ಹಾರಿಸುವವರಿದ್ದರು.

ಡಚ್ ಪರವಾನಗಿ ಇದ್ದವರು ಜರ್ಮನಿಯಲ್ಲಿ ಕೆಲಸ ಮಾಡಬೇಕಾದರೆ ಮೊದಲೇ ಬೇರೆ ವೀಸಾ ತೆಗೆದುಕೊಳ್ಳಬೇಕು. ಕಿಟ್ಟಣ್ಣ ಜನವರಿಯಲ್ಲೇ ಅವಳಿಗೆ ಅರ್ಜಿಯ ನಮೂನೆ ಕಳಿಸಿದ್ದ. ಸಂಪ್ರೀತಾ ಅದನ್ನು ತುಂಬಿರಲೇ ಇಲ್ಲ.

"ಕಿಟ್ಟಣ್ಣ ಅಂಕಲ್, ಅದು ಇಂಡಿಯನ್ ಪಾಸ್‌ಪೋರ್ಟ್‌ನವರಿಗೆ ಅಂದ್ಕೊಂಡೆ. ನಂಗೆ ಯೂರೋಪಲ್ಲಿ ಎಲ್ಲಿಗ್ ಹೋಗೋಕೂ ವೀಸಾ ಬೇಡ್ವಲ್ಲ!"

"ಹೋಗ್ಲಿಕ್ಕೆ ಬೇಡ. ಕೆಲಸ ಮಾಡ್ಲಿಕ್ಕೆ ಬೇಕು. ಗೇಟು ತೆರೆದಿದೆ ಅಂತ ಸೀದಾ ಅಡುಗೆಮನೆಗೆ ಹೋಗಿ ಪಾತ್ರೆಗೆ ಕೈ ಹಾಕ್ತೀಯಾ?"

ಇದು ಕೆನಡಾದವರ ಮಾಮೂಲು ತಪ್ಪು. ಗಡಿಯಲ್ಲಿ ಯಾರೂ ತಡೆಯದ ಪಾಸ್‌ಪೋರ್ಟ್ ಇದ್ದವರಿಗೆ ಇಂಥ ಕಾಗದ ತಮಗಲ್ಲ ಎನಿಸುತ್ತದೆ. ಬೆಂಗಳೂರಿನ ಹುಡುಗರು ಅರ್ಜಿ ಬಂದ ದಿನವೇ ಮೂರು ಪ್ರತಿ ತೆಗೆದಿಡುತ್ತಾರೆ.

ಗುರುವಾರಕ್ಕೆ ಒಂಬತ್ತು ದಿನ ಉಳಿದಿತ್ತು, ವೀಸಾಕ್ಕೆ ಐದು ವಾರ ಬೇಕಿತ್ತು. ಕಿಟ್ಟಣ್ಣ ನಿಯಮಗಳನ್ನು ಎರಡು ಸಲ ಓದಿ ಒಂದು ಸಂದಿ ಹುಡುಕಿದ. ವೀಸಾ ಇಲ್ಲದೆ ಮೀಟಿಂಗಿಗೆ ಹೋಗಬಹುದು.

"ಕುರ್ಚಿಯಲ್ಲಿ ಕೂತ್ಕೋ, ನೋಡು. ಸ್ಕ್ರೂಡ್ರೈವರ್ ಮುಟ್ಟಿದ್ಯೋ, ಅದು ಕೆಲಸ. ಲ್ಯಾಪ್‌ಟಾಪ್ ಮುಟ್ಟಿದ್ರೂ ಕೆಲಸ."

"ಮೂಗು ಕೆರ್ಕೊಂಡ್ರೆ?"

"ನಿನ್ನದಾದ್ರೆ ಅಡ್ಡಿಯಿಲ್ಲ."

ಅವಳ ಮೇಲೆ ನಂಬಿಕೆ ಸಾಲದೆ ತಾನೂ ಹೊರಟ. ಡಚ್ ಪೌರನಾದ್ದರಿಂದ ಅವನಿಗೆ ಅಡ್ಡಿಯಿರಲಿಲ್ಲ.

"ಪೊಲೀಸ್ ಡ್ಯೂಟಿಯಾ ಮಾರಾಯ್ರೆ?" ಎಂದಳು ಪ್ರೇಮಾವತಿ, ಬುತ್ತಿ ಕಟ್ಟುತ್ತಾ. "ಆ ಹುಡುಗಿ ಕಳ್ಳಿಯಾ?"

"ಕಳ್ಳಿ ಅಲ್ಲ. ಅವಳ ಕೈ ಸುಮ್ಮನಿರೂದಿಲ್ಲ, ಅದಕ್ಕೆ."

ಪ್ರಯೋಗಾಲಯದಲ್ಲಿ ಕನ್ನಡಿ ಒಂದು ಉಕ್ಕಿನ ಡಬ್ಬಿಯೊಳಗೆ ಮರಗಟ್ಟುವ ಚಳಿಯಲ್ಲಿತ್ತು. ಹೊರಗಿನ ಮೂರು ತಿರುಪುಗಳನ್ನು ಹೊಂದಿಸಬೇಕಾದವಳು ಅಲ್ಲಿಯ ತಂತ್ರಜ್ಞೆ ಉಟೆ. ಸಂಪ್ರೀತಾ ಬರೆದುಕೊಟ್ಟ ಸೂಚನೆಯಂತೆ ಅವಳು ಬೆಳಗ್ಗೆಯಿಂದ ತಿರುಗಿಸಿದಳು. ಪರದೆಯ ಮೇಲೆ ಒಂದಾಗಬೇಕಿದ್ದ ಬೆಳಕಿನ ಚುಕ್ಕೆ ಎರಡಾಗಿಯೇ ಉಳಿಯಿತು. ಸಂಪ್ರೀತಾ ಹಿಂದಿನ ಕುರ್ಚಿಯಲ್ಲಿ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದಳು. ಮಧ್ಯಾಹ್ನದ ಬುತ್ತಿಯನ್ನೂ ಅವಳು ತೆರೆಯಲಿಲ್ಲ.

ಎರಡೂವರೆಗೆ ಉಟೆ ಕೈಗವಸು ಕಳಚಿದಳು. ನಾಲ್ಕಕ್ಕೆ ಡಬ್ಬಿ ಇನ್ನೊಬ್ಬರಿಗೆ. "ಇದು ಬರೆದುಕೊಟ್ಟು ಆಗುವ ಕೆಲಸವಲ್ಲ," ಎಂದಳು. "ಇದನ್ನು ಬಲ್ಲವರು ಪಕ್ಕದಲ್ಲಿ ನಿಂತು ಹೇಳಬೇಕು."

"ಅಂಕಲ್," ಎಂದಳು ಸಂಪ್ರೀತಾ.

ಕಿಟ್ಟಣ್ಣ ಚೀಲದಿಂದ ನಿಯಮದ ಹಾಳೆ ತೆಗೆದ. ಕನ್ನಡಕ ಒರೆಸಿದ, ಮೇಲಿನಿಂದ ಕೆಳಗೆ ಓದಿದ. "ಮೀಟಿಂಗಿನಲ್ಲಿ ಮಾತಾಡಬಾರದು ಅಂತ ಎಲ್ಲೂ ಇಲ್ಲ," ಎಂದ. "ಮಾತಾಡು. ಮುಟ್ಟಬೇಡ."

ಅವಳು ಎದ್ದು ಉಟೆಯ ಪಕ್ಕ ನಿಂತು ಹೇಳತೊಡಗಿದಳು. ಎಡದ್ದು ಕಾಲು ಸುತ್ತು. ಇಲ್ಲ, ಜಾಸ್ತಿ ಆಯ್ತು, ವಾಪಸ್. ಈಗ ಕೆಳಗಿನದು, ಉಸಿರಾಡದೆ. ಮೂರೂವರೆಗೆ ಎರಡು ಚುಕ್ಕೆಗಳು ಹತ್ತಿರ ಬಂದವು, ಅಂಟಿದವು, ಒಂದಾದವು. ಉಟೆ ಜೋರಾಗಿ ಶಿಳ್ಳೆ ಹಾಕಿದಳು. ಸಂಪ್ರೀತಾ ಅತ್ತಳು, ನಕ್ಕಳು, ಬುತ್ತಿ ಬಿಚ್ಚಿ ತಣ್ಣಗಿನ ನೀರುದೋಸೆಯನ್ನು ನಿಂತೇ ತಿಂದಳು. ಕಿಟ್ಟಣ್ಣ ಹಾಳೆಯನ್ನು ಚೀಲಕ್ಕೆ ಸೇರಿಸಿದ. ನಿಯಮದೊಳಗೇ ಎಲ್ಲ ಮುಗಿಯಿತೆಂದು ಅವನಿಗೆ ಬಹಳ ಸಮಾಧಾನವಾಗಿತ್ತು.

ಆಗ ಉಟೆ ಪರೀಕ್ಷಾ ವರದಿ ತಂದಳು. ಅದರಲ್ಲೊಂದು ಸಾಲು ಖಾಲಿಯಿತ್ತು: ಹೊಂದಾಣಿಕೆಯನ್ನು ನಿರ್ದೇಶಿಸಿದವರು. ಅಲ್ಲಿ ಹೆಸರಿಲ್ಲದೆ ವರದಿಗೆ ಬೆಲೆಯಿಲ್ಲ. ಮೀಟಿಂಗಿಗೆ ಬಂದವರು ನಿರ್ದೇಶಿಸುವುದಿಲ್ಲ; ಸಂಪ್ರೀತಾಳ ಹೆಸರು ಬರೆದರೆ ಅವಳು ವೀಸಾ ಇಲ್ಲದೆ ಕೆಲಸ ಮಾಡಿದಳೆಂಬುದಕ್ಕೆ ಅದೇ ಸಾಕ್ಷಿ.

ಸಂಪ್ರೀತಾಳ ಮುಖ ಇಳಿಯಿತು. "ನಿಮ್ಮ ಹೆಸರೇ ಬರ್ಕೊಳ್ಳಿ," ಎಂದಳು ಉಟೆಗೆ.

"ನಾನು ಮಾಡದ್ದಕ್ಕೆ ನನ್ನ ಹೆಸರು ಹಾಕುವುದಿಲ್ಲ," ಎಂದಳು ಉಟೆ.

ಕಿಟ್ಟಣ್ಣ ಹಾಳೆಯನ್ನು ಮತ್ತೆ ಹೊರತೆಗೆಯಲಿಲ್ಲ. ಉಟೆಯ ಕೈಯಿಂದ ಪೆನ್ನು ತೆಗೆದುಕೊಂಡು ಆ ಸಾಲಿನಲ್ಲಿ ಸಂಪ್ರೀತಾಳ ಪೂರ್ತಿ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದ. ಅದರ ಕೆಳಗೆ, ಯಾರೂ ಕೇಳಿರದಿದ್ದರೂ, ಇನ್ನೊಂದು ಸಾಲು ಸೇರಿಸಿದ: ವೀಸಾ ಇಲ್ಲವೆಂದು ಗೊತ್ತಿದ್ದೂ ಇವರಿಗೆ ನಿರ್ದೇಶಿಸಲು ಹೇಳಿದವನು ನಾನು. ಸಹಿ ಹಾಕಿ, ಗಡಿಯಾರ ನೋಡಿ, ಸಮಯವನ್ನೂ ಬರೆದ.