ಹಲ್ಲಕ್ಕ, ಮೇಷ್ಟ್ರು ಮತ್ತು ಒಂದು ಕರಾರು

ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲಿನ ಸೆಟ್ಟು ತಯಾರಿಸುವ ಅವಳನ್ನು ಬೀದಿಯವರೆಲ್ಲ ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಊರಿನ ಅರ್ಧ ಮುದುಕರು ನಗುತ್ತಿದ್ದುದೇ ಅವಳ ಕೃಪೆಯಿಂದ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಅವಳ ಮಹಡಿಗೆ ಬಾಡಿಗೆಗೆ ಬಂದವರು, ಮೆಲ್ಲಗೆ ಕೆಳಗಿಳಿದು, ಅಡುಗೆಯನ್ನೂ ವಹಿಸಿಕೊಂಡು ಬೇರುಬಿಟ್ಟಿದ್ದರು. ಯಾರಾದರೂ ಮದುವೆಯ ಮಾತೆತ್ತಿದರೆ ಹಲ್ಲಕ್ಕ, "ಹಿಂದೆ ಒಂದು ಗಂಡನ್ನ ಸಾಕಿ ಸಾಕಾಗಿದೆ" ಎನ್ನುತ್ತಿದ್ದಳು.

ಮೇಷ್ಟ್ರ ಅಪೆಂಡಿಕ್ಸ್ ಕೈಕೊಟ್ಟ ದಿನ ಆಸ್ಪತ್ರೆಯ ಕೌಂಟರಿನವನು ಕೇಳಿದ: "ಪೇಷೆಂಟ್‌ಗೆ ನೀವೇನಾಗಬೇಕು?"

"ಏನೂ ಆಗಬೇಕಾಗಿಲ್ಲ. ಜೊತೆಗಿದ್ದೀನಿ."

"ಹಂಗಾದ್ರೆ ಆಪರೇಷನ್‌ಗೆ ನಿಮ್ಮ ಸಹಿ ನಡೆಯಲ್ಲ. ಅವರ ಕಡೆಯವರನ್ನ ಕರೀರಿ."

ಮೇಷ್ಟ್ರ ತಮ್ಮ ಬರುವಷ್ಟರಲ್ಲಿ ಮೇಷ್ಟ್ರು ನೋವಿಗೆ ಮಂಚದ ಕಂಬಿ ಕಚ್ಚುವುದೊಂದು ಬಾಕಿ. ಅಣ್ಣನ ಮುಖ ನೋಡಿ ವರ್ಷಗಳೇ ಆಗಿದ್ದ ಆ ಮಹಾಶಯ ಠೀವಿಯಿಂದ ಸಹಿ ಗೀಚಿ, ಹಲ್ಲಕ್ಕ ತಂದಿದ್ದ ಬಾಳೆಹಣ್ಣನ್ನೆಲ್ಲ ಮುಗಿಸಿ ಹೋದ. ಅವಳಿಗೆ ಮೈಯೆಲ್ಲ ಉರಿಯಿತು.

ಹೊಲಿಗೆ ಬಿಚ್ಚಿದ್ದೇ ತಡ, ಇಬ್ಬರ ನಡುವೆ ಒಂದು ಕರಾರು ಬರೆಸಲು ಮೇಷ್ಟ್ರನ್ನು ವಕೀಲರಮ್ಮನ ಕಚೇರಿಗೆ ಎಳೆದುಕೊಂಡು ಹೋದಳು. ಮನೆ ಅವಳದು, ಕಾರು ಅವರದು, ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರದೇ ತೀರ್ಮಾನ. ಎಲ್ಲ ಸರಾಗವಾಗಿ ಬರೆದಾಯಿತು. ಕೊನೆಗೆ ವಕೀಲರಮ್ಮ, "ಬೇರೆಯಾದ್ರೆ?" ಎಂದು ಕೇಳಿದರು.

"ತಿಂಗಳೊಳಗೆ ಮನೆ ಖಾಲಿ ಮಾಡ್ಬೇಕು," ಎಂದಳು ಹಲ್ಲಕ್ಕ, ಥಟ್ಟನೆ.

ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. "ನಾನಿನ್ನೂ ಬಾಡಿಗೆಯವನೇ ಏನು?" ಎಂದು ಎದ್ದು ಹೋದವರು ಡ್ರೈವಿಂಗ್ ಸ್ಕೂಲಿನ ಬೆಂಚಿನ ಮೇಲೆಯೇ ಬಿಡಾರ ಹೂಡಿದರು.

ಮನೆ ಬಿಕೋ ಎನ್ನತೊಡಗಿತು. ಹಲ್ಲಕ್ಕ ಒಬ್ಬರ ಮೇಲ್ದವಡೆಗೆ ಇನ್ನೊಬ್ಬರ ಕೆಳದವಡೆ ಜೋಡಿಸಿ ಡಾಕ್ಟರಿಂದ ಬೈಸಿಕೊಂಡಳು. ಸಂಜೆ ನೇರ ಬೆಂಚಿನೆದುರು ಹೋಗಿ ನಿಂತಳು.

"ಏಳಿ ಮೇಷ್ಟ್ರೇ. ಬೇರೆಯಾದ್ರೆ ನೀವು ಮಹಡಿ ಮೇಲೆ, ನಾನು ಕೆಳಗೆ. ಹಂಗೇ ಬರೆಸೋಣ."

"ಅಡುಗೆಮನೆ?"

"ಅದು ಇಬ್ರಿಗೂ. ಇಲ್ದಿದ್ರೆ ನಂಗ್ಯಾರು ಬೇಯಿಸಿ ಹಾಕ್ತಾರೆ?"

ಮೇಷ್ಟ್ರು ಚಪ್ಪಲಿ ಹುಡುಕತೊಡಗಿದರು.

ಸಾಕ್ಷಿಗೆ ತಮ್ಮನನ್ನೇ ಕರೆದರು. ಮನೆತನದ ಮಾನ ಹೋಯಿತೆಂದು ಹಾರಾಡುತ್ತಾನೆ ಅಂದುಕೊಂಡರೆ, ಅವನು ಓದಿ ಹಿಗ್ಗಿಹೋದ. "ಅಂದ್ರೆ ಇನ್ಮುಂದೆ ಆಸ್ಪತ್ರೆಯಿಂದ ನಂಗೆ ಫೋನ್ ಬರಲ್ಲ ತಾನೇ? ಎಲ್ಲಿ ಹಾಕ್ಲಿ ಸಹಿ, ಅತ್ತಿಗೆ?"

ಅತ್ತಿಗೆ! ಹಲ್ಲಕ್ಕ ವಕೀಲರಮ್ಮನತ್ತ ತಿರುಗಿದಳು. "ಇದನ್ನ ತಡೆಯೋಕೆ ಏನಾದ್ರೂ ಬರೀಬಹುದಾ?"

"ಅದಕ್ಕೆ ಕಾನೂನಲ್ಲಿ ದಾರಿ ಇಲ್ಲ."

ಮೂವರೂ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲೇ ಮನೆಗೆ ಹೊರಟರು. ಕಲಿಸುವವರ ಸೀಟಿನಲ್ಲಿ ಕೂತ ತಮ್ಮ ಪ್ರತಿ ತಿರುವಿಗೂ ಹೆದರಿ, ಕಾಲಬುಡದಲ್ಲಿದ್ದ ಇನ್ನೊಂದು ಬ್ರೇಕು ಒತ್ತುತ್ತಲೇ ಇದ್ದ. ಮೇಷ್ಟ್ರು ಬೈಯುತ್ತಲೇ ಇದ್ದರು. ಹಿಂದೆ ಕಾಲು ಚಾಚಿ ಒರಗಿದ್ದ ಹಲ್ಲಕ್ಕ, ಕಾರು ಬೀದಿಗೆ ಬರುವ ಹೊತ್ತಿಗೆ ಗೊರಕೆ ಹೊಡೆಯುತ್ತಿದ್ದಳು.