ಕೆಲ್ಸ ಬುಡಪ್ಪ ಅಂದದ್ದು

ಮಗಳಿಗೆ ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೆಣ್ಣುಮಗು ಹುಟ್ಟಿತು. ಹುಣಸೂರು ಆಸ್ಪತ್ರೆಯಲ್ಲಿ ಎದುರಿಗೆ ಸಿಕ್ಕವರ ಬಾಯಿಗೆಲ್ಲ ಸಕ್ಕರೆ ಹಾಕಿದೆ, ಗುರುತಿಲ್ಲದ ಆಟೋದವನ ಬಾಯಿಗೂ. ಮೊಮ್ಮಗಳ ಮಾತು ಎತ್ತಿದರೆ ಈಗಲೂ ನನ್ನನ್ನು ನಿಲ್ಲಿಸುವುದಕ್ಕೆ ಆಳು ಬೇಕು.

ಮಗಳು ಹುಣಸೂರಿನ ಹತ್ತಿರ ಗಾರ್ಮೆಂಟ್ಸ್‌ನಲ್ಲಿ ಏಳು ವರ್ಷದಿಂದ ಟೈಲರ್. ಅಂಗಿ ಕಾಲರ್ ಹೊಲಿಯುವ ಮಿಷನ್ ಅವಳದು. ಜ್ವರ ಬಂದರೂ ಕಂಪಲಾಪುರದಿಂದ ಬೆಳಗಿನ ವ್ಯಾನ್ ತಪ್ಪಿಸಿದವಳಲ್ಲ. ನನ್ನ ತಮ್ಮನ ತಿಥಿಗೂ ಬರಲಿಲ್ಲ. "ಲೈನ್ ನಿಂತೋಯ್ತದೆ ಕಣವ್ವ" ಎಂದಳು. ಹೆರಿಗೆಗೂ ರಜೆ ಬರೆದುಕೊಟ್ಟೇ ಬಂದಿದ್ದಳು.

ಮಗು ಹುಟ್ಟಿದ ಮೂರನೆಯ ದಿನ ಫ್ಯಾಕ್ಟರಿ ಆಫೀಸಿನಿಂದ ಅವಳಿಗೆ ಫೋನು ಬಂತು. ಮಗಳು ಮಲಗಿದ್ದಳು, ನಾನು ಎತ್ತಿದೆ.

"ಯಾವಾಗ ಬತ್ತಾರಮ್ಮ ಕೆಲ್ಸಕ್ಕೆ?"

"ಅಯ್ಯೋ, ಕೆಲ್ಸ ಬುಡಪ್ಪ! ಮಾಲಕ್ಷ್ಮಿ ಬಂದವಳೆ ನಮ್ಮನೆಗೆ! ಬಾ, ನಿಂಗೂ ಸಕ್ರೆ ಹಾಕ್ತೀನಿ!"

ಅವನು ನಕ್ಕು ಇಟ್ಟ.

ಬುಡು ಅನ್ನುವುದು ನಮ್ಮ ಬಾಯಲ್ಲಿ ಮಾತಿಗೊಂದು. ಮಳೆ ಬಂದರೂ ಬುಡು, ಬರದಿದ್ದರೂ ಬುಡು.

ಆರು ತಿಂಗಳ ರಜೆ ಮುಗಿಸಿ ಹೋದರೆ ಅವಳ ಮಿಷನ್ನಿನ ಮುಂದೆ ಬೇರೊಬ್ಬಳು ಕೂತಿದ್ದಳು. ಆಫೀಸಿನ ಪುಸ್ತಕದಲ್ಲಿ, "ಕೆಲಸ ಬಿಟ್ಟಿರುವುದಾಗಿ ತಾಯಿ ತಿಳಿಸಿರುತ್ತಾರೆ" ಎಂದು ಬರೆದಿತ್ತಂತೆ. ಬೇಕಿದ್ದರೆ ಹೊಸಬಳಾಗಿ, ದಾರ ಕತ್ತರಿಸುವ ಹೆಲ್ಪರ್ ಆಗಿ ಸೇರಬೇಕಂತೆ.

ಮಾರನೆಯ ದಿನ ಕೂಸನ್ನು ಎತ್ತಿಕೊಂಡು ನಾನೇ ಹೋದೆ. ಫೋನು ಮಾಡಿದವನೇ ಕೂತಿದ್ದ, ರಾವಂದೂರು ಕಡೆಯವನು, ನಮ್ಮ ಮಾತೇ ಅವನದೂ.

"ಕೆಲ್ಸ ಬುಡಪ್ಪ ಅಂದ್ರೆ ಕೆಲ್ಸ ಬುಟ್ಲು ಅಂತಾನಾ? ನಿಮ್ಮವ್ವ ಯಾವತ್ತೂ ಅಂಗನ್ನಕ್ಕಿಲ್ವಾ?"

"ನೀವೇ ಯೋಳಿದ್ದಲ್ವಾ? ಬರ್ದಾಯ್ತು ಬುಡಿ ಅಮ್ಮ" ಎಂದ.

ಮಗಳು ಹೊಸಬಳಾಗಿಯೇ ಸೇರಿದಳು. ಏಳು ವರ್ಷ ಕೂತು ಹೊಲಿದವಳು ಈಗ ದಿನವಿಡೀ ನಿಂತಿರುತ್ತಾಳೆ, ಕಾಲು ಊದಿಕೊಂಡಿವೆ. ಮಕ್ಕಳನ್ನು ಬಿಡುವ ಕೋಣೆ ಒಳಗಿದೆ, ಹೊಸಬರಿಗೆ ಕೊಡುವುದಿಲ್ಲ. ಹಾಗಾಗಿ ಊಟದ ಬಿಡುವಿಗೆ ಸರಿಯಾಗಿ ನಾನು ಬಸ್ಸಿನಲ್ಲಿ ಕೂಸನ್ನು ತಂದು ಗೇಟಿನಾಚೆ ಹೊಂಗೆ ಮರದಡಿ ಕಾಯುತ್ತೇನೆ. ಅವಳು ತನ್ನ ಊಟ ಬಿಟ್ಟು, ಬೆಲ್ ಹೊಡೆಯುವುದರೊಳಗೆ ಹಾಲು ಕೊಡುತ್ತಾಳೆ. ನನ್ನನ್ನು ಒಂದು ದಿನವೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಮೊನ್ನೆ ಕೂಸು ನನ್ನ ಮುಖ ನೋಡಿ, ಹಾಲು ಕುಡಿಯುವುದನ್ನು ನಿಲ್ಲಿಸಿ ನಕ್ಕಿತು. ನಾನೂ ಉಕ್ಕಿಹೋಗಿ ಚಪ್ಪಾಳೆ ತಟ್ಟಿದೆ.

"ನಗಿಸ್ಬ್ಯಾಡ ಕಣವ್ವ, ಬೆಲ್ ಒಡೀತದೆ" ಎಂದಳು ಮಗಳು.

ನಾನು ರಸ್ತೆಯ ಕಡೆ ಮುಖ ಮಾಡಿ ನಿಂತುಕೊಂಡೆ.