ಸತ್ತವರು ಮಾತ್ರ ಬರುವ ಹಲಗೆ

ಹಾರರ್ ಸಿನಿಮಾದಲ್ಲಿ ಆ ಹಲಗೆ ಕಂಡರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಹೆದರಿಕೆಯಿಂದಲ್ಲ, ಸಿಟ್ಟಿನಿಂದ. ನೀವೂ ನೋಡಿರುತ್ತೀರಿ. ಹಲಗೆಯ ತುಂಬ ಅಕ್ಷರ, ಒಂದು ಮೂಲೆಯಲ್ಲಿ ‘ಹೌದು’, ಇನ್ನೊಂದರಲ್ಲಿ ‘ಅಲ್ಲ’, ನಡುವೆ ಒಂದು ನಾಣ್ಯವೋ ಬೋರಲು ಹಾಕಿದ ಲೋಟವೋ. ಮಾಡಲು ಬೇರೆ ಕೆಲಸವಿಲ್ಲದ ನಾಲ್ಕು ಹುಡುಗ ಹುಡುಗಿಯರು ದೀಪ ಆರಿಸಿ, ಮೇಣದಬತ್ತಿ ಹಚ್ಚಿ, ಲೋಟದ ಮೇಲೆ ಬೆರಳಿಟ್ಟು ‘ಇಲ್ಲಿ ಯಾರಾದರೂ ಇದ್ದೀರಾ’ ಎಂದು ಕೇಳುತ್ತಾರೆ. ಇರದೆ ಏನು? ನಿರ್ಮಾಪಕ ದುಡ್ಡು ಕೊಟ್ಟು ಕರೆಸಿರುತ್ತಾನಲ್ಲ! ಲೋಟ ತಾನಾಗಿ ಓಡಾಡುತ್ತದೆ. ನಕ್ಕವನು ಮೊದಲು ಸಾಯುತ್ತಾನೆ.

ಇದನ್ನೆಲ್ಲ ಹೇಳುವ ಅಧಿಕಾರ ನನಗಿದೆ. ಕಾರವಾರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಆಮೇಲೆ ಅದು ಸಿಡಿ ಅಂಗಡಿಯಾಯಿತು, ಈಗ ಝೆರಾಕ್ಸು, ರೀಚಾರ್ಜು. ಬಾಡಿಗೆಗೆ ಹೋಗಿ ಬಂದ ಕ್ಯಾಸೆಟ್ಟು ಹಾಳಾಗಿದೆಯೋ ಇಲ್ಲವೋ ಎಂದು ಹಾಕಿ ನೋಡುವ ಕೆಲಸ ನನ್ನದೇ ಆಗಿತ್ತು. ಹಾಗಾಗಿ ಮನುಷ್ಯಮಾತ್ರರು ನೋಡಬಾರದಷ್ಟು ದೆವ್ವದ ಸಿನಿಮಾ ನೋಡಿದವಳು ನಾನು. ಈ ಹಲಗೆಯನ್ನು ಸಿನಿಮಾಕ್ಕೆ ತಂದವನು ಶುದ್ಧ ಸೋಮಾರಿ. ಸತ್ತವಳು ಯಾರು, ಕೊಂದವರು ಯಾರು ಎಂದು ತೋರಿಸುವ ಯೋಗ್ಯತೆ ಇಲ್ಲದಾಗ ಕತೆ ಬರೆಯುವವನು ಹಲಗೆ ತಂದಿಡುತ್ತಾನೆ. ಬಾಗಿಲು ಮುರಿಯುವ, ಮಂಚ ಎತ್ತಿ ಒಗೆಯುವ ದೆವ್ವ ಹಲಗೆಯ ಮುಂದೆ ಮಾತ್ರ ಒಂದನೇ ತರಗತಿ ಮಗುವಿನ ಹಾಗೆ ಒಂದೊಂದೇ ಅಕ್ಷರ ಹುಡುಕುತ್ತ ಕೂತಿರುತ್ತದೆ. ಲೋಟ ದೂಡುತ್ತಿರುವವರು ಯಾರು ಮಾರಾಯ್ರೇ ಎಂದು ಒಬ್ಬನಾದರೂ ಕೇಳಬೇಕಲ್ಲ, ಇಲ್ಲ. ಇನ್ನೂ ಸಿಟ್ಟು ಬರುವುದು ಯಾವುದಕ್ಕೆಂದರೆ, ಕೂತವರಿಗೆ ಉತ್ತರವೇ ಬೇಕಾಗಿರುವುದಿಲ್ಲ. ಮಜಾಕ್ಕೆ ಕೇಳುತ್ತಾರೆ.

ನಮ್ಮ ಕಡೆ ಮಜಾಕ್ಕೆ ಯಾರೂ ಕೇಳುವುದಿಲ್ಲ. ಕೇಳುವುದಿದ್ದರೆ ದೇವಸ್ಥಾನಕ್ಕೆ ಹೋಗಿ ಪ್ರಸಾದ ಕೇಳುತ್ತೇವೆ. ಪೂಜೆಯವರು ಹೂವಿನ ಎಸಳನ್ನು ನೀರಲ್ಲಿ ಅದ್ದಿ ಮೂರ್ತಿಯ ಬಲಕ್ಕೂ ಎಡಕ್ಕೂ ಅಂಟಿಸುತ್ತಾರೆ. ಪ್ರಶ್ನೆ ಹೇಳಿ ಕೈಮುಗಿದು ನಿಲ್ಲಬೇಕು. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಮದುವೆಯ ಮಾತಿಗೂ ಹೊಸ ದೋಣಿಯನ್ನು ನೀರಿಗೆ ಇಳಿಸುವುದಕ್ಕೂ ಇದೇ ಕ್ರಮ. ಬಿದ್ದ ಹೂವಿನ ಮೇಲೆ ವಾದ ಮಾಡುವುದಿಲ್ಲ.

ನನ್ನ ಅಕ್ಕನನ್ನು ಕೊಟ್ಟದ್ದು ಅಂಕೋಲೆಯ ಕೇಣಿ ಎಂಬ ಮೀನುಗಾರರ ಊರಿಗೆ. ಅವಳ ಗಂಡ ಒಂದು ಬೆಳಿಗ್ಗೆ ಮೀನಿಗೆ ಹೋದವರು ತಿರುಗಿ ಬರಲಿಲ್ಲ. ದೋಣಿ ಸಿಕ್ಕಿತು, ಮನುಷ್ಯ ಸಿಗಲಿಲ್ಲ. ಊರವರು ಹುಡುಕಿ ಸುಸ್ತಾದ ಮೇಲೆ ಅಕ್ಕನ ಗಂಡನ ಅಣ್ಣ, ಅಂದರೆ ನಾವು ಭಾವ ಎಂದು ಕರೆಯುವವರು, ಹೋಗಿ ಪ್ರಸಾದ ಕೇಳಿದರು. ‘ತಮ್ಮ ಬದುಕಿದ್ದಾನೆಯೇ?’ ಬಲಗಡೆಯ ಹೂವು ಬಿತ್ತು.

ಅಲ್ಲಿಗೆ ನನ್ನ ಅಕ್ಕನ ಕತೆ ಮುಗಿಯಿತು. ದೇವರೇ ಬದುಕಿದ್ದಾನೆ ಎಂದ ಮೇಲೆ ತಮ್ಮನಿಗೆ ಉತ್ತರಕ್ರಿಯೆ ಮಾಡುವುದೆಂದರೆ ಅವನನ್ನು ಕೊಂದ ಹಾಗೆ ಎಂದರು ಭಾವ. ಕ್ರಿಯೆ ಇಲ್ಲ, ವರ್ಷಾಂತಿಕ ಇಲ್ಲ, ಅಳುವಂತೆಯೂ ಇಲ್ಲ. ಅಕ್ಕ ಕುಂಕುಮ ಇಟ್ಟುಕೊಂಡು, ಬಳೆ ತೊಟ್ಟುಕೊಂಡು ಓಡಾಡಿದಳು. ಅರಿಶಿನ ಕುಂಕುಮಕ್ಕೆ ಹೋದರೆ ಅವಳ ಮುಂದೆ ತಟ್ಟೆ ಬಂದಾಗ ಕೊಡುವವಳ ಕೈ ಸ್ವಲ್ಪ ತಡೆಯುತ್ತಿತ್ತು. ಕೊಡಬೇಕೋ, ಬಿಡಬೇಕೋ? ಆ ಕೈಗಳನ್ನು ನೋಡಿ ನೋಡಿ ಅವಳು ಹೋಗುವುದನ್ನೇ ಬಿಟ್ಟಳು. ಕಾರವಾರಕ್ಕೆ ಬಾ, ನನ್ನ ಜೊತೆ ಅಂಗಡಿಯಲ್ಲಿ ಕೂತುಕೋ ಎಂದು ನಾನು ಎಷ್ಟು ಸಲ ಕರೆದೆನೋ. ಪ್ರತಿ ಸಲವೂ ಭಾವನದು ಒಂದೇ ಮಾತು.

‘ನಾಳೆ ಅವ ಬಂದು, ಹೆಂಡ್ತಿ ಎಲ್ಲಿ ಅಂತ ಕೇಳ್ದ ಅಂದ್ರೆ ನಾ ಎಂತ ಹೇಳೂದು?’

ಆ ಮನುಷ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ನನ್ನ ಅಕ್ಕನ ತಲೆ ಆ ಮನೆಯಲ್ಲೇ ಬೆಳ್ಳಗಾಯಿತು. ಕೇಣಿಗೆ ಹೋದಾಗೆಲ್ಲ ನಾನು ಅವರ ಜೊತೆ ಜಗಳ ಆಡದೆ ಬಂದದ್ದೇ ಇಲ್ಲ. ಅಕ್ಕ ಮಾತ್ರ ಒಳಗೆ ಮೀನು ಕೊಯ್ಯುತ್ತ ಸುಮ್ಮನಿರುತ್ತಿದ್ದಳು.

ಈಚಿನ ಒಂದು ಮಳೆಗಾಲ ನಾನು ಕೇಣಿಗೆ ಹೋಗಿದ್ದೆ. ಮೀನುಗಾರಿಕೆ ಬಂದ್ ಆಗಿ ದೋಣಿಗಳೆಲ್ಲ ದಂಡೆಯ ಮೇಲಿದ್ದವು. ಮಧ್ಯಾಹ್ನದ ಊಟ ಆಗಿತ್ತು. ಭಾವ ಜಗಲಿಯಲ್ಲಿ ಕೂತು ಹರಿದ ಬಲೆ ಕಟ್ಟುತ್ತಿದ್ದರು. ಒಳಗೆ ಅವರ ಮಗಳು, ಕಾಲೇಜಿಗೆ ಹೋಗುವ ಹುಡುಗಿ, ಗೆಳತಿಯೊಬ್ಬಳನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ಯಾವುದೋ ದರಿದ್ರ ಸಿನಿಮಾ ನೋಡಿ ಮುಗಿಸಿದ್ದಳು. ನಾನು ಅಡ್ಡಾಗಿದ್ದವಳು ಎದ್ದು ನೋಡುತ್ತೇನೆ, ಕೇರಂ ಬೋರ್ಡನ್ನು ಮಗುಚಿ ಹಾಕಿ, ಚಾಕ್‌ಪೀಸಿನಲ್ಲಿ ಅಕ್ಷರಮಾಲೆ, ‘ಹೌದು’, ‘ಅಲ್ಲ’ ಬರೆದು, ನಡುವೆ ಸ್ಟೀಲಿನ ಲೋಟ ಬೋರಲು ಹಾಕಿದ್ದಾರೆ!

‘ಏಯ್, ಅದನ್ನ ಒರಸಿ ಒಳಗಿಡಿ. ನಿಮ್ಗೆ ಓದೂಕೆ ಬರೆಯೂಕೆ ಎಂತದೂ ಇಲ್ವಾ?’ ಎಂದು ಬೈದೆ.

‘ಸುಮ್ನೆ ಆಟ ಚಿಕ್ಕಮ್ಮ. ಇದ್ರಲ್ಲಿ ಸತ್ತವ್ರು ಬರ್ತ್ರು. ಸತ್ತವ್ರು ಮಾತ್ರ’ ಎಂದಳು ಹುಡುಗಿ.

‘ಹೌದು, ಅವ್ರಿಗೂ ನಿನ್ನ ಹಾಂಗೆ ಬೇರೆ ಕೆಲ್ಸ ಇಲ್ಲ!’

ಹುಡುಗಿಯರು ನಕ್ಕರು. ಬೆರಳಿಟ್ಟು ಪರೀಕ್ಷೆ ಪಾಸಾಗುತ್ತೇವೆಯೇ ಎಂದು ಕೇಳಿದರು. ಲೋಟ ‘ಹೌದು’ ಕಡೆ ಹೋಯಿತು. ದೂಡಿದವಳು ಯಾರು ಎಂದು ಇಬ್ಬರಲ್ಲೂ ಜಗಳ ಶುರುವಾಯಿತು. ಅಷ್ಟರಲ್ಲಿ ಅಕ್ಕ ಹಿಂದಿನ ಬಾಗಿಲಿಂದ ಬಂದಳು. ಒದ್ದೆ ಕೈಯನ್ನು ಸೀರೆಗೆ ಒರಸಿಕೊಂಡು ಅವರ ನಡುವೆ ಕೂತಳು. ಲೋಟದ ಮೇಲೆ ಬೆರಳಿಟ್ಟಳು.

‘ನಿನ್ ಚಿಕ್ಕಪ್ಪನ್ನ ಕರಿ’ ಎಂದಳು.

ಹುಡುಗಿ ಬೇಡ ಚಿಕ್ಕಿ ಎಂದಳು. ಅಕ್ಕ ಬೆರಳು ತೆಗೆಯಲಿಲ್ಲ. ಕೊನೆಗೆ ಹುಡುಗಿ ಅಳುವ ದನಿಯಲ್ಲಿ ‘ಚಿಕ್ಕಪ್ಪ, ಬಂದ್ರಾ?’ ಎಂದು ಕೇಳಿದಳು. ಲೋಟ ನಿಧಾನಕ್ಕೆ ಜಾರುತ್ತ ಹೋಗಿ ‘ಹೌದು’ ಮೇಲೆ ನಿಂತಿತು.

ಗೆಳತಿ ಕಿರುಚಿಕೊಂಡು ಎದ್ದವಳು ಚಪ್ಪಲಿಯನ್ನೂ ಮರೆತು ಮನೆಗೆ ಓಡಿದಳು. ಭಾವ ಬಲೆ ಬಿಟ್ಟು ಒಳಗೆ ಬಂದರು. ಮಗಳು ಬಿಕ್ಕುತ್ತ ನಡೆದದ್ದನ್ನು ಹೇಳಿದಳು. ಅವರು ಕೇರಂ ಬೋರ್ಡನ್ನು ಎತ್ತಿ ಅಂಗಳದ ಕೆಸರಿಗೆ ಒಗೆದರು.

‘ಬದುಕಿದ್ದ ಮನ್ಷನ್ನ ಕೊಂದ್ರಲ್ಲೇ! ದೇವ್ರು ಕೊಟ್ಟ ಮಾತಿಗಿಂತ ನಿಮ್ ಹಲ್ಗೆ ದೊಡ್ಡದಾ?’

‘ಮಕ್ಕಳ ಮೇಲೆ ಎಂತಕ್ಕೆ ಹಾರ್ತ್ರಿ? ಮೊದ್ಲು ನಿಮ್ ಬುದ್ಧಿ ನೆಟ್ಟಗೆ ಮಾಡ್ಕಳಿ’ ಎಂದು ನಾನೂ ಏರಿಹೋದೆ. ಅವರು ಜಗಲಿಗೆ ಹೋಗಿ ಕೂತರು.

ನಾನು ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. ಅವಳು ಇದನ್ನು ನಂಬಿ ಎದೆ ಒಡೆದುಕೊಂಡಾಳು ಎಂಬ ಹೆದರಿಕೆ ನನಗೆ. ಹೆದರಿಕೆಯಾದರೆ ನಾನು ಬೈಯುವುದೇ.

‘ನಿಂಗೆ ತಲೆ ಇಲ್ವಾ? ಅದೆಲ್ಲ ಬರೀ ಸುಳ್ಳು. ಆ ಸಿನಿಮಾದವ್ರ ಹಣೆಬರಹ ನಂಗೆ ಗೊತ್ತಿಲ್ವಾ? ಹುಡ್ಗಿ ದೂಡ್ತು, ಅಷ್ಟೇ.’

‘ಹುಡ್ಗಿ ಅಲ್ಲ’ ಎಂದಳು ಅಕ್ಕ. ‘ನಾ ದೂಡ್ದೆ.’

ನಾನು ಅವಳ ಮುಖ ನೋಡಿದೆ. ಅವಳು ಗಾಬರಿಯಾಗಿರಲಿಲ್ಲ, ಅಳುತ್ತಲೂ ಇರಲಿಲ್ಲ.

‘ದೇವ್ರು ಸುಳ್ಳು ಅಂತ ಹೇಳೂಕೆ ನಂಗೆ ಆಗೂದಿಲ್ಲ ತಂಗಿ. ಅವ್ರು ಸತ್ರು ಅಂತ ನನ್ ಬಾಯಲ್ಲಿ ಹೇಳೂಕೂ ಆಗೂದಿಲ್ಲ. ಹೇಳಿದ್ರೆ, ಗಂಡ ಸಾಯ್ಲಿ ಅಂತ ಕಾಯ್ತಾ ಇದ್ಲು ಅಂತ್ರು. ಸತ್ತವ್ರು ಮಾತ್ರ ಬರೂದು ಅಂತ ಹುಡ್ಗಿ ಹೇಳ್ತಲ, ಹಿತ್ಲಲ್ಲಿ ಕೇಳ್ತು ನಂಗೆ. ಬಂದ್ರು ಅಂದ್ರೆ ಸಾಕಲ್ಲ, ಬೇರೆ ಯಾರೂ ಎಂತದೂ ಹೇಳೂದು ಬೇಡ ಅಂದ್ಕಂಡೆ. ಅವ್ರಿಗೆ ಒಂದು ಪಿಂಡ ಇಲ್ಲ, ಕಾಗೆಗೆ ಒಂದು ತುತ್ತು ಇಲ್ಲ. ಹಸ್ಕಂಡು ಎಲ್ಲಿ ತಿರಗ್ತಾ ಇದ್ರೋ. ನಂಗೂ ಸಾಕಾಯ್ತು. ಎಷ್ಟು ಅಂತ ಕಾಯೂದು?’

ಒಂದು ಮಾತು ಹೇಳಲು ಈ ಹೆಂಗಸಿಗೆ ಮನೆಯಲ್ಲಿ ಜಾಗ ಸಿಕ್ಕಿದ್ದು ಮಗುಚಿ ಹಾಕಿದ ಕೇರಂ ಬೋರ್ಡಿನ ಮೇಲೆ. ಯಾರನ್ನು ಬೈಯಬೇಕು? ಭಾವನನ್ನೋ, ಹೂವನ್ನೋ, ಕುಂಕುಮದ ತಟ್ಟೆ ಹಿಡಿದ ಆ ಕೈಗಳನ್ನೋ? ಎಲ್ಲವನ್ನೂ ಸೇರಿಸಿ ಮನಸ್ಸಿನಲ್ಲೇ ಬೈದೆ.

ಅಷ್ಟರಲ್ಲಿ ಜಗಲಿಯಿಂದ ಭಾವ ನನ್ನನ್ನು ಕರೆದರು. ಹೋದೆ. ಅವರು ಬಲೆ ಮುಟ್ಟಿರಲಿಲ್ಲ.

‘ನೀ ಆ ಕ್ಯಾಸೆಟ್ ಎಲ್ಲ ನೋಡ್ದವ್ಳು’ ಎಂದರು. ‘ನಿಂಗೂ ನಂಗೂ ಆಗೂದಿಲ್ಲ, ಗೊತ್ತದೆ. ಆದ್ರೆ ನೀ ಸುಳ್ಳು ಹೇಳೂವ್ಳಲ್ಲ. ಖರೆ ಹೇಳು. ಆ ಹಲ್ಗೆ ಖರೆನೋ, ಮಕ್ಕಳಾಟವೋ?’

ಹಿಂದೆ ಬಾಗಿಲ ಸಂದಿಯಲ್ಲಿ ಅಕ್ಕ ನಿಂತದ್ದು ನನಗೆ ಗೊತ್ತಿತ್ತು. ಮಕ್ಕಳಾಟ ಅಂದರೆ ಅವಳು ಮತ್ತೆ ಆ ಅಡುಗೆಮನೆಗೆ ಹೋಗಿ ಸಾಯುವವರೆಗೂ ಮುತ್ತೈದೆಯಾಗಿ ಕಾಯಬೇಕು. ಜನ್ಮವಿಡೀ ಯಾವ ಹಲಗೆಯನ್ನು ಉಗಿದು ಉಪ್ಪಿನಕಾಯಿ ಹಾಕಿದೆನೋ, ಅದರ ಪರವಾಗಿ ನಾನೇ ಸಾಕ್ಷಿ ಹೇಳುವ ಹಾಗಾಯಿತು.

‘ಖರೆ ಭಾವ’ ಎಂದೆ. ‘ಅದ್ರಲ್ಲಿ ಸತ್ತವ್ರು ಮಾತ್ರ ಬರೂದು. ಬದುಕಿದ್ದವ್ರನ್ನ ಕರೆದ್ರೆ ಲೋಟ ಅಲ್ಲಾಡೂದಿಲ್ಲ.’

‘ಹೂವು ಬಲಕ್ಕೇ ಬಿದ್ದಿತ್ತು’ ಎಂದರು.

‘ಅವತ್ತು ಇದ್ದಿರ್ಬಹುದು. ಈಗಿಲ್ಲ.’

ಅವರು ನನ್ನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡು ನಾನೂ ಸೆರಗು ಸಿಕ್ಕಿಸಿ ತಯಾರಾದೆ. ಬೈಯಲಿಲ್ಲ. ತಲೆ ತಗ್ಗಿಸಿ, ನಾನು ಆ ಬಾಯಿಂದ ಯಾವತ್ತೂ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದರು.

‘ಅವ ಎಂತಾದ್ರೂ ಹೇಳ್ದ್ನಾ?’

ಭಾವನ ಎದುರು ನಿಂತು ಮಾತಾಡಿ ಗೊತ್ತಿಲ್ಲದ ಅಕ್ಕ ಹೊಸ್ತಿಲು ದಾಟಿ ಹೊರಗೆ ಬಂದಳು.

‘ಹೇಳಿದ್ರು ಭಾವ. ಇನ್ನು ಕಾಯೂದು ಬೇಡ ಅಂದ್ರು. ಅಣ್ಣನಿಗೂ ಹೇಳು, ಅವ್ನೂ ಕಾಯೂದು ಬೇಡ ಅಂದ್ರು.’

ಭಾವ ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡರು. ಆಮೇಲೆ ‘ಇಷ್ಟು ವರ್ಷ ಅಳೂಕೂ ಬಿಡ್ಲಿಲ್ಲಲ್ಲ ಅವ’ ಎಂದು ಆ ಮುದುಕ ದೊಡ್ಡ ದನಿ ತೆಗೆದು ಅತ್ತರು. ಅಕ್ಕ ಅವರ ಎದುರಿಗೆ ಬರಿನೆಲದ ಮೇಲೆ ಕೂತು, ಅವರ ಜೊತೆಗೇ ಅತ್ತಳು.